ಸೂರ್ಯನ ಉದ್ಘಾಟನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮಹೇಶ್ವರಪ್ಪನವರನ್ನು ದೂಡಲಿಲ್ಲ. ನಾನು ಒದ್ದದ್ದು ದೂರದರ್ಶಕದ ಕಾಲಿಗೆ. ಅದು ಉರುಳುವಾಗ ಅವರ ಮೊಣಕಾಲಿಗೆ ತಾಗಿತು, ಅವರು ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದರು, ಕುರ್ಚಿ ಅವರ ಭಾರ ತಡೆಯಲಿಲ್ಲ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಮೊಬೈಲುಗಳಲ್ಲಿ ಓಡಾಡಿದ ವಿಡಿಯೊದಲ್ಲಿ ಕಾಣುವುದು ಇಷ್ಟೇ: ತಲೆಯ ಮೇಲೆ ಸೆರಗು ಹೊದ್ದ ಮೇಡಂ ಒಬ್ಬಳು ಹಾರದ ತಟ್ಟೆ ಬಿಸಾಡಿ ಓಡಿ ಬರುತ್ತಾಳೆ, ದಾನಿಗಳು ನೆಲಕ್ಕೆ ಬೀಳುತ್ತಾರೆ. ಅದಕ್ಕೆ ಮುಂಚೆ ಏನಾಯಿತು ಎಂಬುದು ವಿಡಿಯೊದಲ್ಲಿ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ನಾನು ಫಿರ್ದೋಸ್. ಶಿಕಾರಿಪುರದ ಟೇಲರ್ ಸಿಕಂದರ್ ಅವರ ಮಗಳು; ನಾನು ಅಬ್ಬಾ ಅನ್ನುವುದು ಅವರನ್ನೇ. ಸೊರಬದ ಆಚೆ, ಕ್ಯಾಸನೂರಿನ ಕಡೆ ಹೋಗುವ ದಾರಿಯಲ್ಲಿ ಕಾಡಂಚಿಗಿರುವ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಾ ಬಸ್ಸು ಬದಲಿಸಿ ಹೋಗಿ ಬರುವವಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ದೂರದಲ್ಲೆಲ್ಲೋ ಇದ್ದಿದ್ದರೆ ಅವತ್ತು ಅದು ಬಂದು ತಲುಪುವಷ್ಟರಲ್ಲಿ ಒಂದು ಮಗುವಿನ ಕಣ್ಣು ಹೋಗಿರುತ್ತಿತ್ತು.

ದೂರದರ್ಶಕ ಮಹೇಶ್ವರಪ್ಪನವರ ದಾನ. ಅವರು ಇದೇ ಊರಿನಲ್ಲಿ ಹುಟ್ಟಿ, ಶಿಕಾರಿಪುರದಲ್ಲಿ ಮೆಕ್ಕೆಜೋಳದ ವ್ಯಾಪಾರ ಹಿಡಿದು ಬೆಳೆದವರು. ಕೆಟ್ಟವರೇನಲ್ಲ. ಶಾಲೆಗೆ ಕೇಳಿದ್ದನ್ನು ಕೊಡುತ್ತಾರೆ, ಕೇಳದ್ದನ್ನೂ ಕೊಡುತ್ತಾರೆ. ನಾನು ಕೇಳಿದ್ದು ಹೆಣ್ಣುಮಕ್ಕಳ ಶೌಚಾಲಯಕ್ಕೊಂದು ನೀರಿನ ಟ್ಯಾಂಕು, ಬಂದದ್ದು ದೂರದರ್ಶಕ. ಉದ್ದ ಕೊಳವೆ, ಮೂರು ಕಾಲಿನ ಸ್ಟ್ಯಾಂಡು, ಕೊಳವೆಯ ಮೇಲೆ ಅವರ ತಂದೆ ವೀರಬಸಪ್ಪನವರ ಸ್ಮರಣಾರ್ಥ ಎಂದು ಕೆಂಪು ಅಕ್ಷರ. ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸಿ ಬೆಳಕನ್ನೇ ಮುಚ್ಚುವುದು ನಮ್ಮಲ್ಲಿ ಇದ್ದದ್ದೇ. ಪುಣ್ಯಕ್ಕೆ ಇವರು ಗಾಜಿನ ಮೇಲೆ ಬರೆಸಿರಲಿಲ್ಲ.

ಆದರೂ ಬಂದದ್ದನ್ನು ನೋಡಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹೆಡ್‌ಮಾಸ್ಟರು ಪರಮಶಿವಪ್ಪ ಸರ್, "ಫೆಬ್ರವರಿ ಕೊನೇಲಿ ವಿಜ್ಞಾನ ದಿನ ಬರುತ್ತಲ್ರೀ, ಅವತ್ತೇ ಉದ್ಘಾಟನೆ ಇಟ್ಕೊಳ್ಳಣ, ಏನಾದ್ರೂ ತೋರ್ಸಿ" ಎಂದರು. ಹಗಲು ಹೊತ್ತಿನ ಕಾರ್ಯಕ್ರಮ. ಹಗಲಲ್ಲಿ ತೋರಿಸಲಿಕ್ಕೆ ಸೂರ್ಯನಿಗಿಂತ ಬೇರೆ ಏನಿದೆ? ಅದೂ ಈ ವರ್ಷಗಳಲ್ಲಿ ಸೂರ್ಯನ ಮೈಮೇಲೆ ಕಲೆಗಳು ಹೆಚ್ಚು. ಪಾಠದಲ್ಲಿ ಒಂದು ಸಾಲಿನಲ್ಲಿ ಓದಿ ಮರೆಯುವುದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದು ನನ್ನ ಆಸೆ.

ದೂರದರ್ಶಕದ ಪೆಟ್ಟಿಗೆಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಕಪ್ಪು ಗಾಜೊಂದು ಇತ್ತು. ಕಣ್ಣಿಡುವ ತುದಿಗೆ ಇದನ್ನು ತಿರುಗಿಸಿ ಹಾಕಿ ಸೂರ್ಯನನ್ನು ನೋಡಿ ಎಂದು ಜೊತೆಗಿದ್ದ ಚೀಟಿಯಲ್ಲಿ ಚಿತ್ರ ಬೇರೆ. ಅದನ್ನು ನೋಡಿದಾಗಲೇ ನನ್ನ ಮೈ ಉರಿಯಿತು. ದೊಡ್ಡ ಗಾಜು ಸೂರ್ಯನ ಬಿಸಿಲನ್ನೆಲ್ಲ ಒಟ್ಟು ಮಾಡಿ ತಂದು ಸುರಿಯುವುದು ಆ ತುದಿಗೇ. ಅಲ್ಲಿ ಕೂತ ಕಪ್ಪು ಗಾಜು ಕಾದು ಕಾದು ಯಾವ ಗಳಿಗೆಯಲ್ಲಾದರೂ ಬಿರುಕು ಬಿಡುತ್ತದೆ, ಆಗ ಅದರ ಹಿಂದೆ ಇರುವುದು ನಿಮ್ಮ ಕಣ್ಣು. ಬಿಸಿಲನ್ನು ತಡೆಯಬೇಕಾದದ್ದು ಕೊಳವೆಯೊಳಗೆ ಬರುವ ಮೊದಲು, ಸೂರ್ಯನ ಕಡೆಯ ಬಾಯಿಯಲ್ಲಿ. ಮಕ್ಕಳ ಆಟದ ಸಾಮಾನಿನ ಹಾಗೆ ಈ ಗಾಜನ್ನು ಪೆಟ್ಟಿಗೆಗೆ ಹಾಕಿ ಕಳಿಸುವವರಿಗೆ ಮಕ್ಕಳಿಲ್ಲವೇ? ಅದನ್ನು ಮನೆಗೆ ತಂದು ಶುಂಠಿ ಜಜ್ಜುವ ಕಲ್ಲಿನಿಂದ ಪುಡಿ ಮಾಡಿದೆ. ಮರುದಿನ ಹೆಡ್‌ಮಾಸ್ಟರಿಗೂ ಹೇಳಿದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ಆಯ್ತು ಬಿಡ್ರಿ" ಎಂದರು.

ಸೂರ್ಯನನ್ನು ನೋಡಲೆಂದೇ ಮಾಡಿದ ಬೆಳ್ಳಿ ಬಣ್ಣದ ಫಿಲ್ಮ್ ಇರುತ್ತದೆ. ಲಕ್ಷ ಪಾಲು ಬೆಳಕಿನಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಚಾಕೊಲೇಟಿನ ಕಾಗದವಲ್ಲ, ಹಳೇ ಎಕ್ಸ್‌ರೇ ಶೀಟೂ ಅಲ್ಲ, ಅವೆರಡನ್ನೂ ನಂಬಿ ಕಣ್ಣು ಕಳಕೊಂಡವರಿದ್ದಾರೆ. ಬೆಂಗಳೂರಿನ ಆಕಾಶ ನೋಡುವ ಹವ್ಯಾಸದವರನ್ನು ವಿಚಾರಿಸಿ ಒಂದು ಹಾಳೆ ತರಿಸಿದೆ. ದೂರದರ್ಶಕವನ್ನೂ ಬಸ್ಸಿನಲ್ಲಿ ಮನೆಗೆ ತಂದೆ. ಈಗ ಫಿಲ್ಮಿಗೊಂದು ಚೌಕಟ್ಟು ಬೇಕು. ಅಬ್ಬಾ ಅಂಗಡಿಯಲ್ಲಿ ರವಿಕೆಗೆ ಕಸೂತಿ ಹಾಕುವ ಮರದ ರಿಂಗುಗಳಿವೆಯಲ್ಲ, ಒಂದರೊಳಗೆ ಒಂದು ಕೂರುವಂಥವು. ಅದರಲ್ಲಿ ಒಂದು ಜೊತೆ ಕೊಳವೆಯ ಬಾಯಿಗೆ ಹೇಳಿ ಮಾಡಿಸಿದ ಹಾಗಿತ್ತು.

ಅಬ್ಬಾ ಫಿಲ್ಮನ್ನು ರಿಂಗಿನ ನಡುವೆ ಇಟ್ಟವರೇ ಅಭ್ಯಾಸಬಲದಿಂದ ಸುತ್ತಲೂ ಎಳೆಯಲಿಕ್ಕೆ ಹೋದರು. ನಾನು ಕಿರುಚಿಕೊಂಡೆ.

"ಎಳೀಬೇಡಿ ಅಬ್ಬಾ! ಸಡಿಲ ಇರ್ಬೇಕು. ಸುಕ್ಕಿದ್ರೆ ಇರ್ಲಿ."

"ಸಡಿಲ ಬಿಟ್ಟರೆ ನಮ್ಮಪ್ಪ ನನ್ನ ಬೆರಳಿಗೆ ಸ್ಕೇಲಲ್ಲಿ ಹೊಡೀತಿದ್ದರು ಬೇಟಾ," ಎಂದರು ಅಬ್ಬಾ. "ನೋಡಿದವರು ಸಿಕಂದರನ ಕೈ ಕೆಟ್ಟಿದೆ ಅಂತಾರೆ."

ಎಳೆದರೆ ಫಿಲ್ಮ್ ಹಿಗ್ಗುತ್ತದೆ, ಹಿಗ್ಗಿದ ಕಡೆ ಕೆಡುತ್ತದೆ ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು. ಸೂಜಿ, ಗುಂಡುಪಿನ್ನು ಹತ್ತಿರ ತರಬಾರದು ಎಂದದ್ದಕ್ಕೆ ಅವರಿಗೆ ಅವಮಾನವೇ ಆಯಿತು. ಕೊನೆಗೆ ಸೀರೆ ಪೆಟ್ಟಿಗೆಯ ರಟ್ಟು ಕತ್ತರಿಸಿ, ಒಳಗೆ ಕಪ್ಪು ಲೈನಿಂಗ್ ಬಟ್ಟೆ ಅಂಟಿಸಿ, ಕೊಳವೆಯ ಬಾಯಿಗೆ ಬಿಗಿಯಾಗಿ ಕೂರುವ ಟೊಪ್ಪಿಗೆಯ ಹಾಗೆ ಮಾಡಿ, ಅದರ ತಲೆಗೆ ರಿಂಗು ಕೂರಿಸಿದೆವು. ಬಲ್ಬಿಗೆ ಹಿಡಿದು ಒಂದು ತೂತೂ ಇಲ್ಲವೆಂದು ಇಬ್ಬರೂ ನೋಡಿದೆವು. ಗಾಳಿಗೆ ಹಾರದಂತೆ ಸುತ್ತ ಅಗಲ ಟೇಪು. ಕೊಳವೆಯ ಪಕ್ಕ ಗುರಿ ಹಿಡಿಯಲು ಇರುವ ಸಣ್ಣ ಕೊಳವೆಗೂ ಮುಚ್ಚಳ ಹಾಕಿ ಟೇಪು ಸುತ್ತಿದೆ. ಯಾರಾದರೂ ಅದರಲ್ಲಿ ಇಣುಕಿದರೂ ಅಷ್ಟೇ ಗತಿ. ಸೂರ್ಯನಿಗೆ ಗುರಿ ಹಿಡಿಯಲು ಇಣುಕಬೇಕಾಗಿಯೂ ಇಲ್ಲ, ನೆಲದ ಮೇಲೆ ಬೀಳುವ ಕೊಳವೆಯ ನೆರಳು ಎಷ್ಟು ಚಿಕ್ಕದಾಗುತ್ತದೋ ಅಷ್ಟು ಚಿಕ್ಕದಾಗುವವರೆಗೆ ತಿರುಗಿಸಿದರೆ ಸಾಕು.

ನಮ್ಮ ತಾರಸಿಯ ಮೇಲೆ ಮೊದಲು ಅಬ್ಬಾಗೇ ತೋರಿಸಿದೆ. ಕಣ್ಣಿಟ್ಟವರು ಬಹಳ ಹೊತ್ತು ಎತ್ತಲಿಲ್ಲ. "ರೊಟ್ಟಿ ಮೇಲಿನ ಕರಿ ಚುಕ್ಕೆ ಹಾಗಿದೆ," ಎಂದರು. "ಒಂದೊಂದು ಚುಕ್ಕೆ ಭೂಮಿಗಿಂತ ದೊಡ್ಡದು," ಎಂದೆ. ಅವರು ಮತ್ತೆ ಕಣ್ಣಿಟ್ಟರು. ಆ ದಿನ ಅಂಗಡಿ ತೆರೆಯುವುದೇ ತಡವಾಯಿತು.

ಇನ್ನು ವಿಜ್ಞಾನ ದಿನದ ಕಥೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಅಂಗಳದ ನಡುವೆ ಬಿಸಿಲಿನಲ್ಲಿ ದೂರದರ್ಶಕ. ನಾನು ನೆರಳು ನೋಡಿ ಗುರಿ ಹಿಡಿದು, ಫಿಲ್ಮು ಸರಿಯಾಗಿದೆಯಾ ಎಂದು ಮತ್ತೊಮ್ಮೆ ನೋಡಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದೆ. ಹೆಡ್‌ಮಾಸ್ಟರು ಕೆಂಪು ರಿಬ್ಬನ್ ಹಿಡಿದು ಬಂದು ಸೀದಾ ಕೊಳವೆಯ ಬಾಯಿಗೆ ಸುತ್ತತೊಡಗಿದರು.

"ಸರ್, ಅಲ್ಲಿ ಬೇಡ. ಸ್ಟ್ಯಾಂಡಿಗೆ ಕಟ್ಟಿ," ಎಂದೆ.

"ಆಯ್ತು, ಆಯ್ತು. ನೀವು ಒಳಗೆ ಹೋಗಿ ಹಾರದ ತಟ್ಟೆ ತಗಂಡ್ ಬರ್ರಿ. ಲೇಡಿ ಟೀಚರ್ ಹಿಡ್ಕಂಡ್ರೆ ಚೆನ್ನಾಗಿರುತ್ತೆ."

ಹೀಗೆ, ಆ ಯಂತ್ರದ ಹತ್ತಿರ ನಿಲ್ಲಬೇಕಾದ ಒಬ್ಬಳನ್ನು ಹಾರ, ಶಾಲು, ಹಣ್ಣಿನ ಬುಟ್ಟಿ ಹೊರಲು ಕಳಿಸಿದರು. ನಾನು ಹೋದೆ. ಯಾಕೆ ಹೋದೆ ಎಂದು ಈಗಲೂ ಹಲ್ಲು ಕಡಿಯುತ್ತೇನೆ. ಅತ್ತ ನಾನು ಹೋದದ್ದೇ ತಡ, ಫೋಟೋಕ್ಕೆ ಟೇಪು ಅಸಹ್ಯ ಕಾಣುತ್ತದೆ ಎಂದು ಹೆಡ್‌ಮಾಸ್ಟರು ಟೇಪನ್ನೆಲ್ಲ ಕಿತ್ತು, ರಿಂಗಿನ ಸುತ್ತ ರಿಬ್ಬನ್ನನ್ನು ದೊಡ್ಡ ಹೂವಿನ ಹಾಗೆ ಕಟ್ಟಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಾನು ತಟ್ಟೆ ಹಿಡಿದು ಹೊರಗೆ ಬರುವಾಗ ಮಹೇಶ್ವರಪ್ಪನವರು ಕತ್ತರಿ ಹಿಡಿದಿದ್ದರು. ರಿಬ್ಬನ್ ಕತ್ತರಿಸಿದರು. ಚಪ್ಪಾಳೆ. ಕತ್ತರಿಯನ್ನು ಪಕ್ಕದವರ ಕೈಗೆ ಕೊಟ್ಟರು. ಆಮೇಲೆ ಎರಡೂ ಕೈಗಳಿಂದ ಬೆಳ್ಳಿ ಫಿಲ್ಮಿನ ಆ ಟೊಪ್ಪಿಗೆಯನ್ನು ಹಿಡಿದು, ನಗುತ್ತ, ಮೆಲ್ಲಗೆ ಎಳೆದು ತೆಗೆದುಬಿಟ್ಟರು.

ಅವರ ಜಾಗದಲ್ಲಿ ನಿಂತು ಯೋಚಿಸಿದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ಜೀವಮಾನವಿಡೀ ಉದ್ಘಾಟನೆ ಮಾಡಿದವರು. ಭಾವಚಿತ್ರದ ಮುಂದಿನ ಪರದೆ ಸರಿಸಿದ್ದಾರೆ, ನಾಮಫಲಕದ ಮೇಲಿನ ಬಟ್ಟೆ ಎಳೆದಿದ್ದಾರೆ. ರಿಬ್ಬನ್ ಕಟ್ಟಿದ, ಮಿರಮಿರ ಮಿಂಚುವ ಇನ್ನೊಂದು ಮುಸುಕು ಕಂಡಿತು, ತೆಗೆದರು. ನೆರೆದವರೆಲ್ಲ ಅದೇ ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ನಗು ಬಂದರೆ ನಕ್ಕುಬಿಡಿ, ನನಗೆ ಬರುವುದಿಲ್ಲ. ಯಾಕೆಂದರೆ ಮರುಗಳಿಗೆ ಅವರು ಸ್ವಾಗತ ಗೀತೆ ಹಾಡಿ ಮುಂದೆಯೇ ನಿಂತಿದ್ದ ಎಂಟನೇ ಕ್ಲಾಸಿನ ರೋಜಾಳ ಹೆಗಲು ಹಿಡಿದು, "ಮೊದ್ಲು ಮಗು ನೋಡ್ಲಿ. ಫೋಟೋ ತೆಗೀರಪ್ಪ," ಎಂದು ಅವಳನ್ನು ಕೊಳವೆಯ ಕಡೆ ಬಗ್ಗಿಸಿದರು.

ನಾನು ಕೂಗಿದೆ. ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಹುಡುಗಿಯನ್ನು ಹಿಡಿದು ಎಳೆಯಲು ಅವರ ಮೈ ಅಡ್ಡ ಇತ್ತು. ಕಾಲಿಗೆ ಸಿಕ್ಕಿದ್ದು ಸ್ಟ್ಯಾಂಡು. ಉಳಿದದ್ದು ನಿಮ್ಮ ಮೊಬೈಲಿನಲ್ಲೇ ಇರಬಹುದು.

ಎಲ್ಲರೂ ಮಹೇಶ್ವರಪ್ಪನವರನ್ನು ಎಬ್ಬಿಸಲು ಓಡಿದರು. ಒಬ್ಬರು ಪಂಚೆಯ ಧೂಳು ಕೊಡವಿದರು, ಒಬ್ಬರು ನೀರು ತಂದರು, ಇನ್ನೊಬ್ಬರು ಎಳನೀರು. ನಾನು ರೋಜಾಳ ಮುಖ ಹಿಡಿದುಕೊಂಡು, "ನೋಡಿದ್ಯಾ? ಕಣ್ಣಿಟ್ಯಾ?" ಎಂದು ಕೇಳಿದೆ. ಅವಳು ಹೆದರಿ ಅಳುತ್ತಿದ್ದಳು.

"ಗೊತ್ತಿಲ್ಲ ಮಿಸ್. ಬೆಳ್ಳಗೆ ಏನೋ ಬಂತು. ಆಮೇಲೆ ಬಿತ್ತು."

ಬೆಳ್ಳಗೆ ಏನೋ ಬಂತು! ಕಣ್ಣಿನ ಒಳಗೆ ಇರುವ ಪರದೆಗೆ ನೋವು ಗೊತ್ತಾಗುವುದಿಲ್ಲ. ಸುಟ್ಟಿದ್ದರೆ ಆಗ ಏನೂ ಅನ್ನಿಸದು. ಎಷ್ಟೋ ಹೊತ್ತಿನ ಮೇಲೆ, ಕೆಲವರಿಗೆ ಮರುದಿನ ಬೆಳಿಗ್ಗೆ, ನೋಡುವುದರ ನಟ್ಟನಡುವೆ ಒಂದು ಕಪ್ಪು ಕುಳಿ ಕಾಣುತ್ತದೆ. ಅದು ಮತ್ತೆ ಪೂರಾ ತುಂಬುತ್ತದೆ ಎಂದು ಯಾರೂ ಮಾತು ಕೊಡಲಾರರು. ಹೆಡ್‌ಮಾಸ್ಟರ ಹತ್ತಿರ ಓಡಿ, "ಸರ್, ಒಂದು ಗಾಡಿ ಕೊಡಿ, ಹುಡುಗೀನ ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು," ಎಂದೆ.

"ಮೊದ್ಲು ಸಾಹುಕಾರ್ರ ಕಾಲು ಹಿಡ್ಕಂಡು ಕ್ಷಮೆ ಕೇಳ್ರಿ!" ಎಂದರು ಅವರು. "ಏನ್ ಮಾಡಿದೀರಿ ಅಂತ ಅರಿವಿದ್ಯಾ ನಿಮಗೆ?"

ಹುಡುಗಿಯ ಕಣ್ಣು ಎಂದು ನಾನು ಮತ್ತೆ ಹೇಳಿದೆ. ಸಾಹುಕಾರರ ಮೊಣಕಾಲು ಎಂದು ಅವರು ಮತ್ತೆ ಹೇಳಿದರು. ಅಂಗಳದ ತುಂಬ ಜನ ಇದ್ದರು. ಆ ಹುಡುಗಿಗೆ ಏನಾಯಿತಮ್ಮ ಎಂದು ಒಬ್ಬ, ಒಬ್ಬನೇ ಒಬ್ಬ ಕೇಳಲಿಲ್ಲ.

ರೋಜಾಳ ಅಜ್ಜಿ ಗುತ್ಯಮ್ಮ ಶಾಲೆಯ ಹಿಂದಿನ ಬಯಲಲ್ಲೇ ಕುರಿ ಮೇಯಿಸುತ್ತಿದ್ದಳು. ಮೊಮ್ಮಗಳ ಹಾಡು ಮೈಕಿನಲ್ಲಿ ಕೇಳಲೆಂದು ಅವತ್ತು ಅಲ್ಲೇ ಕುರಿ ಬಿಟ್ಟಿದ್ದಳಂತೆ. ನಾನು ಹೇಳಿದ್ದು ಅರ್ಧ ತಿಳಿಯಿತೋ ಇಲ್ಲವೋ, ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ, ಇದ್ದ ಸೀರೆಯಲ್ಲೇ ನಮ್ಮ ಜೊತೆ ಬಸ್ಸು ಹತ್ತಿದಳು. ಸೊರಬ ದಾಟಿ, ತಾಳಗುಂದದ ಕಡೆಯ ಜೋಳದ ಹೊಲಗಳು ಬಂದಾಗ ಒಮ್ಮೆಲೇ ಶುರು ಮಾಡಿದಳು.

"ನಮ್ಮ ಕಾಡಲ್ಲಿ ಒಂದು ಮಂಗ ಸತ್ತು ಬಿದ್ರೆ ಜೀಪು ಬತ್ತದೆ ಅಕ್ಕೋರೆ. ಡಾಕ್ಟ್ರು ಬತ್ತಾರೆ, ಪುಡಿ ಹೊಡೀತಾರೆ, ಮನೆಮನೆಗೆ ಮೈಗೆ ಹಚ್ಚೋ ಎಣ್ಣೆ ಕೊಡ್ತಾರೆ. ಮಂಗನ ಕಾಯಿಲೆ ಅಂತ ಅಷ್ಟು ಕಾಳಜಿ. ಈ ಹುಡುಗಿಗೆ ಒಂದು ಗಾಡಿ ಹುಟ್ಲಿಲ್ವಾ ಅಲ್ಲಿ? ನಿಂತಿದ್ವಲ್ಲ ಮೂರ್ನಾಕು?"

ಮಂಗನ ಕಾಯಿಲೆಯ ಹೆಸರು ಕೇಳಿದರೆ ಎಲ್ಲರಿಗೂ ತಮ್ಮ ಪ್ರಾಣ ನೆನಪಾಗುತ್ತದೆ. ಕುರಿಯವಳ ಮೊಮ್ಮಗಳ ಕಣ್ಣು ಹೋದರೆ ಹೋಗುವುದು ಅವಳದೊಂದೇ.

ಶಿವಮೊಗ್ಗದಲ್ಲಿ ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಸ್ವಲ್ಪ ಹೊತ್ತು ಕೂರಿಸಿ, ದೀಪ ಹಾಕಿ ನೋಡಿದರು. ಈಗ ಸುಟ್ಟ ಗುರುತೇನೂ ಕಾಣುತ್ತಿಲ್ಲ, ಆದರೆ ನಾಳೆ ಬೆಳಿಗ್ಗೆ ನೋಟ ಹೇಗಿದೆ ಎಂದು ನೋಡಿ ಫೋನ್ ಮಾಡಿ ಎಂದರು. ಊರಿಗೆ ಹೋಗಲು ಬಸ್ಸಿರಲಿಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ಶಿಕಾರಿಪುರದ ನಮ್ಮ ಮನೆಯಲ್ಲೇ ಉಳಿದರು. ಬೆಳಿಗ್ಗೆ ಅಬ್ಬಾ ತಮ್ಮ ಅಳತೆಯ ಟೇಪನ್ನು ಬಾಗಿಲಿಗೆ ತೂಗುಹಾಕಿ, ರೋಜಾಳ ಒಂದು ಕಣ್ಣು ಮುಚ್ಚಿಸಿ, ಸಣ್ಣ ಸಣ್ಣ ಅಂಕಿಗಳನ್ನು ಓದಿಸಿದರು. "ಗೆರೆ ನೆಟ್ಟಗೆ ಕಾಣುತ್ತಾ ಮಗಾ? ನಡುವೆ ಎಲ್ಲಾದ್ರೂ ಕಪ್ಪಿದ್ಯಾ?" ಎಂದು ಕೇಳಿದರು. ಅವಳು ಗಡಗಡ ಓದಿದಳು. ಇನ್ನೊಂದು ಕಣ್ಣು ಮುಚ್ಚಿಸಿದಾಗಲೂ ಓದಿದಳು. ಟೊಪ್ಪಿಗೆ ಎಳೆಯುವಾಗ ಕೊಳವೆ ಒಂಚೂರು ಅಲುಗಿ ಸೂರ್ಯ ಅಂಚಿಗೆ ಸರಿದಿರಬೇಕು, ಇಲ್ಲವೇ ನನ್ನ ಕಾಲು ಹೊತ್ತಿಗೆ ತಲುಪಿರಬೇಕು. ಯಾವುದೋ ಒಂದು. ನಾನು ಅಡುಗೆಮನೆಗೆ ಹೋಗಿ ಜೋರಾಗಿ ಅತ್ತೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಡುಗಿಯ ಕಣ್ಣು ಉಳಿದದ್ದೇ ನನಗೆ ಮುಳುವಾಯಿತು. "ಏನೂ ಆಗಿಲ್ವಲ್ಲ!" ಎಂದರು ಹೆಡ್‌ಮಾಸ್ಟರು. "ಏನೂ ಆಗದೇ ಇರೋದಕ್ಕೆ ಇಷ್ಟು ದೊಡ್ಡ ರಂಪ ಮಾಡಿದ್ರಲ್ರೀ!" ಏನೂ ಆಗದ ಹಾಗೆ ಮಾಡಿದ್ದೇ ನಾನು ಎಂದರೆ ಯಾರ ಕಿವಿಗೂ ಹೋಗದು. ಅವಳ ಕಣ್ಣು ಹೋಗಿದ್ದಿದ್ದರೆ ಮೇಡಂ ಎಷ್ಟು ಎಚ್ಚರಿಸಿದ್ದರು ಪಾಪ ಎನ್ನುತ್ತಿದ್ದರೇನೋ. ಅಂಥ ಹೊಗಳಿಕೆ ಯಾರಿಗೆ ಬೇಕು? ಮೇಲಾಗಿ, ಪೆಟ್ಟಿಗೆಯಲ್ಲಿ ಸೂರ್ಯನ ಗಾಜು ಇತ್ತಂತೆ, ಮೇಡಂ ಅದನ್ನು ಮನೆಗೆ ಸಾಗಿಸಿ ತಮ್ಮಪ್ಪನ ಟೇಲರಿಂಗ್ ರಿಂಗು ಕಟ್ಟಿದ್ದಾರೆ ಎಂಬ ಮಾತು ಹುಟ್ಟಿತು. ಸಾಬರ ಹೆಂಗಸಿಗೆ ಎಷ್ಟು ಧೈರ್ಯ ಎಂದೂ ಯಾರೋ ಹೇಳಿದರಂತೆ. ಯಾರು ಎಂದು ಕೇಳಿದರೆ ಯಾರೂ ಅಲ್ಲ. ಗಾಜಿನ ವಿಷಯ ಮೊದಲೇ ಹೇಳಿದ್ದೆನಲ್ಲ ಎಂದು ಹೆಡ್‌ಮಾಸ್ಟರನ್ನು ಕೇಳಿದೆ. ಅವರಿಗೆ ನೆನಪಾಗಲಿಲ್ಲ.

ಕೊನೆಗೆ ರಾಜಿ ಎಂದಾಯಿತು. ದೂರದರ್ಶಕ ರಿಪೇರಿ ಮಾಡಿಸಿ ತರಬೇಕು, ಶನಿವಾರ ಎಲ್ಲರೆದುರು ಮಹೇಶ್ವರಪ್ಪನವರಿಗೆ ಹಾರ ಹಾಕಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ವಿಷಯ ಇಲಾಖೆಗೆ ಹೋಗುತ್ತದೆ. ಗಾಜು ಒಡೆದಿರಲಿಲ್ಲ, ಕೊಳವೆ ನೆಗ್ಗಿತ್ತು ಅಷ್ಟೇ. ಅಬ್ಬಾ ಪಕ್ಕದ ಅಂಗಡಿಯವರಿಂದ ತಟ್ಟಿಸಿ ಸರಿ ಮಾಡಿಸಿದರು. "ಕೇಳಿಬಿಡು ಬೇಟಾ," ಎಂದರು. "ನಾಲಿಗೆಗೆ ಮೂಳೆ ಇಲ್ಲ, ಬಗ್ಗುತ್ತೆ."

ನನ್ನ ನಾಲಿಗೆಗೆ ಇದೆ ಎಂದು ಕಾಣುತ್ತದೆ.

ಶನಿವಾರ ಅದೇ ಅಂಗಳ, ಅದೇ ತಟ್ಟೆ, ಹೊಸ ಹಾರ. ಮಹೇಶ್ವರಪ್ಪನವರು ಈ ಸಲ ಮರದ ಕುರ್ಚಿಯಲ್ಲಿ ಕೂತಿದ್ದರು. ಮಕ್ಕಳು ಬೆಳಗಿನ ಶಾಲೆ ಮುಗಿಸಿ ಸುತ್ತ ನಿಂತಿದ್ದರು, ಗುತ್ಯಮ್ಮನೂ ರೋಜಾಳ ಕೈ ಹಿಡಿದು ನಿಂತಿದ್ದಳು. ನಾನು ದೂರದರ್ಶಕ ಇಳಿಸಿ, ನಿಲ್ಲಿಸಿ, ನೆರಳು ನೋಡಿ ಸೂರ್ಯನಿಗೆ ಹಿಡಿದೆ. ಫಿಲ್ಮಿನ ಟೊಪ್ಪಿಗೆ ಹಾಕಲಿಲ್ಲ.

"ಒಂದು ತೋರಿಸ್ತೀನಿ. ಆಮೇಲೆ ಕ್ಷಮೆ ಕೇಳ್ತೀನಿ," ಎಂದೆ.

ಒಣಗಿದ ತೇಗದ ಎಲೆಯೊಂದನ್ನು ಕಣ್ಣಿಡುವ ತುದಿಯ ಹತ್ತಿರ ಹಿಡಿದೆ. ಒಂದು ಉಸಿರಿನಲ್ಲಿ ಹೊಗೆ ಎದ್ದಿತು, ಎಲೆಯಲ್ಲಿ ತೂತು ಬಿತ್ತು. ಮಕ್ಕಳು ಹೋ ಎಂದರು. ಎಲೆಯನ್ನು ತೆಗೆದುಕೊಂಡು ಹೋಗಿ ಮಹೇಶ್ವರಪ್ಪನವರ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿ ಕೆಳಗೆ ಹಾಕಿದರು.

"ಒಣಗಿದ ಎಲಿ ಸುಡದೇ ಏನ್ ಮಾಡ್ತದ್ರೀ ಮೇಡಂ? ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ ಸೂರ್ಯನ್ನ ಬರಿಗಣ್ಣಲ್ಲಿ ನೋಡ್ತಾ ಅರ್ಘ್ಯ ಕೊಡಾನು. ಎಷ್ಟು ವರ್ಷ ಆತು! ಕನ್ನಡಕ ಇಲ್ದೆ ಪೇಪರ್ ಓದ್ತೀನಿ. ಆ ಸೂರ್ಯ ನನ್ನ ಕಣ್ಣು ತೆಗೀತಾನಾ?"

"ಅದು ಹುಟ್ಟುವ ಹೊತ್ತಿನ ಸೂರ್ಯ ಸರ್, ಅದನ್ನೂ ದಿಟ್ಟಿಸಬಾರದು. ಇದು ನಡು ಮಧ್ಯಾಹ್ನದ್ದು. ಅದೂ ಈ ಗಾಜು ಒಟ್ಟು ಮಾಡಿದ್ದು."

"ಸೂರ್ಯ ಅಂದ್ರೆ ಒಬ್ಬನೇ ರೀ. ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಒಬ್ಬ ಇದ್ದಾನಾ?"

ಜನ ನಕ್ಕರು. ಹೆಡ್‌ಮಾಸ್ಟರು ಎಲ್ಲರಿಗಿಂತ ಹೆಚ್ಚು ನಕ್ಕರು. ಆ ನಗುವಿಗೆ ನನ್ನ ತಲೆ ಕೆಟ್ಟಿತು.

"ಹಾಗಾದ್ರೆ ನೋಡಿ ಸರ್!" ಎಂದುಬಿಟ್ಟೆ. "ಬನ್ನಿ, ಕಣ್ಣಿಟ್ಟು ನೋಡಿ. ಮಗುವನ್ನು ಮುಂದೆ ಬಿಟ್ಟಿರಲ್ಲ ಅವತ್ತು, ಇವತ್ತು ನೀವೇ ನೋಡಿ. ಆಮೇಲೆ ಕಾಲು ಹಿಡಿದೇ ಕ್ಷಮೆ ಕೇಳ್ತೀನಿ."

ಮಹೇಶ್ವರಪ್ಪನವರು ಕುರ್ಚಿಯ ಕೈ ಹಿಡಿದು ಎದ್ದರು. ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಮೊಣಕಾಲು ಇನ್ನೂ ನೋಯುತ್ತಿತ್ತೇನೋ, ಒಂದು ಕಾಲು ಎಳೆಯುತ್ತಲೇ ಬಂದರು. ಶಾಲನ್ನು ಹೆಗಲಿಗೆ ಹಾಕಿಕೊಂಡು ದೂರದರ್ಶಕದ ಮುಂದೆ ನಿಂತು ಎಲ್ಲರನ್ನೂ ಒಮ್ಮೆ ನೋಡಿದರು. ಊರವರೆದುರು ಬಿದ್ದವರು, ಊರವರೆದುರೇ ಏಳಬೇಕಿತ್ತು. ಹೆಡ್‌ಮಾಸ್ಟರು ಬೇಡ ಎನ್ನಲಿಲ್ಲ. ಸಾಹುಕಾರರ ಜೊತೆ ಕಾರಿನಲ್ಲಿ ಬಂದವರೂ ಎನ್ನಲಿಲ್ಲ. ಎಲೆಯಲ್ಲಿ ತೂತು ಬಿದ್ದದ್ದನ್ನು ಆಗತಾನೆ ಕಣ್ಣಾರೆ ಕಂಡ ಜನ! ಕೆಲವರು ಮೊಬೈಲು ಎತ್ತಿ ಹಿಡಿದರು. ಮಹೇಶ್ವರಪ್ಪನವರು ಬಗ್ಗಿದರು.

ಬಿಡು ಎಂದಿತು ನನ್ನ ಮನಸ್ಸು. ನೋಡಲಿ. ಕಲಿಯಲಿ. ಹೀಗೆ ಅಂದುಕೊಂಡದ್ದು ನಿಜ. ಆದರೆ ಅವರ ಬಿಳಿ ಹುಬ್ಬು ಕೊಳವೆಯ ಹತ್ತಿರ ಬಂದಾಗ ಕೈ ನನ್ನ ಮಾತು ಕೇಳಲಿಲ್ಲ. ಅಡ್ಡ ಹೋಗಿ ಅಂಗೈಯಿಂದ ಆ ತುದಿಯನ್ನು ಮುಚ್ಚಿಬಿಟ್ಟಿತು.

ಕಾದ ಸೌಟಿನ ತುದಿ ಒತ್ತಿದ ಹಾಗಾಯಿತು. ನಾನು ಚೀರಿದೆ, ಆದರೂ ಅವರ ಹಣೆ ನನ್ನ ಕೈಗೆ ತಾಗಿ ಹಿಂದೆ ಸರಿಯುವವರೆಗೆ ಕೈ ತೆಗೆಯಲಿಲ್ಲ. ಆಮೇಲೆ ಮೊಣಕೈಯಿಂದ ಕೊಳವೆಯನ್ನು ಬೇರೆ ಕಡೆ ತಿರುಗಿಸಿ ಅಲ್ಲೇ ಕೂತೆ. ಅಂಗೈ ನಡುವೆ ಬೇಳೆಯಷ್ಟು ಜಾಗ ಬೆಳ್ಳಗೆ ಸುಟ್ಟು ಸುತ್ತ ಕೆಂಪಾಗಿತ್ತು. ಸುಟ್ಟ ಚರ್ಮದ ವಾಸನೆ ನನಗೂ ಬಂತು, ಪಕ್ಕದಲ್ಲೇ ಬಗ್ಗಿದ್ದ ಅವರಿಗೂ ಬಂದಿರಬೇಕು. ಗುತ್ಯಮ್ಮ ಓಡಿ ಬಂದು ಕೊಡದ ನೀರನ್ನು ನನ್ನ ಕೈ ಮೇಲೆ ಸುರಿಯತೊಡಗಿದಳು.

"ಅದಕ್ಕೇ ಹೇಳಿದ್ದು ಮೇಡಂ," ಎಂದರು ಪರಮಶಿವಪ್ಪ ಸರ್. "ಸುಮ್ನೆ ಒಂದು ಕ್ಷಮೆ ಕೇಳ್ಬಿಟ್ಟಿದ್ರೆ ಮುಗೀತಿತ್ತು."

"ಬಾಯಿ ಮುಚ್ಚಂಡಿರ್ರೀ," ಎಂದರು ಮಹೇಶ್ವರಪ್ಪ.

ಅವರು ನನ್ನ ಅಂಗೈಯನ್ನೇ ನೋಡುತ್ತಿದ್ದರು. ತಮ್ಮ ಬಲಗಣ್ಣಿನ ಮೇಲೆ ಕೈಯಿಟ್ಟು ಒತ್ತಿ ನೋಡಿಕೊಂಡರು. ಆಮೇಲೆ ತಿರುಗಿ ಮಕ್ಕಳ ಗುಂಪಿನ ಕಡೆ, "ಅವತ್ತು ನಾನು ಬಗ್ಗಿಸಿದ ಹುಡುಗಿ ಯಾರವ್ವ?" ಎಂದರು. ಹೆಗಲು ಹಿಡಿದು ನಿಲ್ಲಿಸಿದ್ದ ಹುಡುಗಿಯ ಮುಖವನ್ನೂ ಅವರು ನೋಡಿರಲಿಲ್ಲ. ಗುತ್ಯಮ್ಮ ನೀರು ಸುರಿಯುವುದು ನಿಲ್ಲಿಸದೆ, "ಹೋಗು," ಎಂದು ರೋಜಾಳಿಗೆ ಕಣ್ಣು ಸನ್ನೆ ಮಾಡಿದಳು. ಅವಳು ಹೋಗಿ ಅವರ ಮುಂದೆ ನಿಂತಳು.

"ಯಾವ ಕಣ್ಣು ಇಟ್ಟಿದ್ದಿ?"

"ಬಲಗಣ್ಣು."

ಅವರು ನೋವಿನ ಮೊಣಕಾಲು ಮಡಚಿ ಅವಳೆದುರು ಕೂತರು. ಅವಳ ಎಡಗಣ್ಣನ್ನು ತಮ್ಮ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬೆರಳು ಎತ್ತಿ, "ಎಷ್ಟು?" ಎಂದರು.

"ಮೂರು."

"ಈಗ?"

"ಎರಡು." ಆಮೇಲೆ ಅವಳೇ, "ನಿಮ್ಮ ಉಂಗುರಾನೂ ಕಾಣುತ್ತೆ ಅಜ್ಜಾರೆ," ಎಂದಳು.

ಅಷ್ಟು ದಿನ ನಾನು ಕಾದದ್ದು ಹುಡುಗಿಯ ಕಣ್ಣು ಹೇಗಿದೆ ಎಂಬ ಈ ಒಂದು ಪ್ರಶ್ನೆಗೆ. ಕೇಳಿಸಿಕೊಂಡ ಮೇಲೆ ಮನಸ್ಸು ತಣ್ಣಗಾಗಬೇಕಿತ್ತು. ಆಗಲಿಲ್ಲ. ಅಂಗೈ ಧಗಧಗ ಉರಿಯುತ್ತಿತ್ತು, ಕೊರಳಿಗೆ ಬೀಳದ ಹಾರ ತಟ್ಟೆಯಲ್ಲೇ ಇತ್ತು, ಸುತ್ತ ನಿಂತವರು ಈಗಲೂ ಮೊಬೈಲು ಇಳಿಸಿರಲಿಲ್ಲ. ಮಹೇಶ್ವರಪ್ಪನವರು ಅವಳ ಕಣ್ಣಿನಿಂದ ಕೈ ತೆಗೆದು ಏಳಲು ಹೋದರು.

"ಏಳಬೇಡಿ ಸರ್," ಎಂದೆ. "ಇನ್ನೊಂದು ಸಲ ಕೇಳಿ, ಎಲ್ಲರಿಗೂ ಕೇಳಿಸೋ ಹಾಗೆ."

ಅವರು ಮತ್ತೆ ಕೂತು, ಬೆರಳು ಎತ್ತಿದರು.